ಸರ್ಕಾರಿ ಶಾಲೆಯ ನಲಿಕಲಿ: ಮಗುವಿನ ಆತ್ಮವಿಶ್ವಾಸದ ದೃಷ್ಟಿಯಿಂದ ಒಂದು ವಿಮರ್ಶೆ

ಮಗುವನ್ನು ಸರ್ಕಾರಿ ಶಾಲೆಗೆ ಸೇರಿಸಲು ಹೋದ ತಂದೆ ತಾಯಿಗೆ ನಲಿಕಲಿ ಕೋಣೆ, ಅಂದರೆ ಮಕ್ಕಳು ಕಾರ್ಡು, ಚಟುವಟಿಕೆಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಕೋಣೆ ಕಂಡ ಕೂಡಲೇ ಅನುಮಾನ ಶುರುವಾಗುತ್ತದೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕಡೆ ಕೂತಿರುತ್ತಾರೆ. ಬೆಂಚಿನ ಸಾಲಿಲ್ಲ. ಎಲ್ಲರೂ ಒಂದೇ ಪಾಠ ಓದುತ್ತಿಲ್ಲ, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಕಾರ್ಡು. ‘ಇಲ್ಲಿ ನಮ್ಮ ಮಗು ಏನು ಕಲಿತೀತು?’ ಎಂಬ ಪ್ರಶ್ನೆ ಸಹಜ. ಈ ಬರಹ ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತದೆ: ಮೂರು ವರ್ಷ ಈ ಕೋಣೆಯಲ್ಲಿ ಕಳೆದ ಮಗು ‘ನನಗೆ ಬರುತ್ತೆ’ ಎಂದುಕೊಂಡು ನಾಲ್ಕನೇ ತರಗತಿಗೆ ಹೋಗುತ್ತದೆಯೋ, ‘ನಾನು ದಡ್ಡ’ ಎಂದುಕೊಂಡು ಹೋಗುತ್ತದೆಯೋ? ಆರರಿಂದ ಎಂಟು ವರ್ಷದೊಳಗೆ ಮನಸ್ಸಿನಲ್ಲಿ ಕೂತ ಈ ತೀರ್ಮಾನವನ್ನು ಆಮೇಲೆ ಅಳಿಸುವುದು ಕಷ್ಟ.

ಮೊದಲು ಒಂದು ತಪ್ಪು ತಿಳಿವಳಿಕೆ ಬಗೆಹರಿಯಬೇಕು. ಮಗುವಿನ ಆತ್ಮವಿಶ್ವಾಸ ಹೆಚ್ಚಿಸಿದರೆ ಅಂಕ ತಾನಾಗಿ ಏರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಕ್ಯಾಲಿಫೋರ್ನಿಯಾ ರಾಜ್ಯ 1986ರಲ್ಲಿ ಈ ನಂಬಿಕೆಯ ಮೇಲೆಯೇ ಒಂದು ಕಾರ್ಯಪಡೆ ರಚಿಸಿತ್ತು. ಆದರೆ 2003ರಲ್ಲಿ ಮನಶ್ಶಾಸ್ತ್ರಜ್ಞ ರಾಯ್ ಬಾಮೈಸ್ಟರ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಸಿಕ್ಕ ಚಿತ್ರ ಬೇರೆ. ಎರಡಕ್ಕೂ ಸಂಬಂಧವಿದೆ, ಆದರೆ ಅದು ಸಾಧಾರಣ ಮಟ್ಟದ್ದು. ಚೆನ್ನಾಗಿ ಕಲಿತದ್ದರಿಂದ ಆತ್ಮವಿಶ್ವಾಸ ಬರುವುದೇ ಹೆಚ್ಚು, ಆತ್ಮವಿಶ್ವಾಸ ಇದ್ದ ಮಾತ್ರಕ್ಕೆ ಕಲಿಕೆ ಏರುವುದು ಕಡಿಮೆ. 2007ರಲ್ಲಿ ಡೊನೆಲ್ಸನ್ ಫೋರ್ಸಿತ್ ಮತ್ತು ಸಂಗಡಿಗರು ಕಡಿಮೆ ಅಂಕ ಪಡೆದ ಕಾಲೇಜು ವಿದ್ಯಾರ್ಥಿಗಳಿಗೆ ಹುರಿದುಂಬಿಸುವ ಸಂದೇಶಗಳನ್ನು ಕಳಿಸಿ ನೋಡಿದರು. ಸಂದೇಶ ಪಡೆದ ಗುಂಪಿನ ಅಂಕ ಏರುವ ಬದಲು ಇಳಿಯಿತು. ಅದಕ್ಕಾಗಿ ‘ನೀನು ಜಾಣ, ನೀನು ಸೂಪರ್’ ಎಂದು ದಿನಕ್ಕೆ ಹತ್ತು ಸಲ ಹೇಳುವ ಶಾಲೆಗಿಂತ, ದಿನಕ್ಕೊಂದು ಸಣ್ಣ ಕೆಲಸವನ್ನು ಮಗು ನಿಜವಾಗಿ ಮಾಡಿ ಮುಗಿಸುವಂತೆ ನೋಡಿಕೊಳ್ಳುವ ಶಾಲೆ ಮೇಲು. ನಲಿಕಲಿಯನ್ನು ಅಳೆಯಬೇಕಾದ ಅಳತೆಗೋಲು ಇದು.

ನಲಿಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾಯಿತು. ಆಂಧ್ರಪ್ರದೇಶದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ನಡೆಯುತ್ತಿದ್ದ ಕಾರ್ಡು ಮತ್ತು ಏಣಿಯ ಪದ್ಧತಿ ಇದಕ್ಕೆ ಪ್ರೇರಣೆ. ಇಲ್ಲಿಯ ಸಾಮಗ್ರಿಯನ್ನು ತಯಾರಿಸಿದವರು ನಮ್ಮ ಪ್ರಾಥಮಿಕ ಶಾಲೆಯ ಮೇಷ್ಟ್ರು, ಮೇಡಂಗಳೇ. 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ, ಮರುವರ್ಷ ಮೂರನೇ ತರಗತಿಗೆ ಇದು ವಿಸ್ತರಿಸಿತು.

ಕೆಲಸ ನಡೆಯುವ ರೀತಿ ಹೀಗೆ. ಪ್ರತಿ ವಿಷಯಕ್ಕೂ ಒಂದು ಕಲಿಕಾ ಏಣಿ ಇರುತ್ತದೆ. ಏಣಿಯಲ್ಲಿ ಮೈಲಿಗಲ್ಲುಗಳು, ಒಂದೊಂದು ಮೈಲಿಗಲ್ಲಿನೊಳಗೆ ಹಲವು ಮೆಟ್ಟಿಲುಗಳು. ಒಂದು ಮೆಟ್ಟಿಲೆಂದರೆ ಒಂದು ಕಾರ್ಡು ಅಥವಾ ಒಂದು ಚಟುವಟಿಕೆ. ಕಾರ್ಡಿನ ಮೇಲೆ ಒಂದು ಚಿತ್ರ ಮತ್ತು ಸಂಖ್ಯೆ ಇರುತ್ತದೆ, ಓದು ಬಾರದ ಮಗುವೂ ಚಿತ್ರ ನೋಡಿ ತನ್ನ ಕಾರ್ಡು ಹುಡುಕಿಕೊಳ್ಳಬಹುದು. ಆ ಚಿತ್ರವೇ ಮಗು ಯಾವ ಗುಂಪಿನಲ್ಲಿ ಕೂರಬೇಕೆಂದು ಹೇಳುತ್ತದೆ. ಗುಂಪುಗಳು ಐದು: ಶಿಕ್ಷಕರ ಪೂರ್ಣ ನೆರವು, ಶಿಕ್ಷಕರ ಭಾಗಶಃ ನೆರವು, ಗೆಳೆಯರ ಪೂರ್ಣ ನೆರವು, ಗೆಳೆಯರ ಭಾಗಶಃ ನೆರವು, ಕೊನೆಗೆ ಸ್ವಕಲಿಕೆ. ಹೊಸ ವಿಷಯ ಕಲಿಯುವಾಗ ಟೀಚರ್ ಪಕ್ಕ ಕೂತ ಮಗು, ಅದೇ ವಿಷಯದ ಅಭ್ಯಾಸಕ್ಕೆ ಗೆಳೆಯರ ಗುಂಪಿಗೆ ಹೋಗಿ, ಆಮೇಲೆ ಒಂಟಿಯಾಗಿ ಮಾಡಿ ತೋರಿಸುತ್ತದೆ. ಮೈಲಿಗಲ್ಲಿನ ಕೊನೆಯಲ್ಲಿ ಮೌಲ್ಯಮಾಪನದ ಮೆಟ್ಟಿಲು. ಬಾರದಿದ್ದರೆ ನಪಾಸು ಎಂಬ ಮಾತಿಲ್ಲ, ಪೂರಕ ಚಟುವಟಿಕೆ ಮಾಡಿ ಮತ್ತೆ ಬರುತ್ತದೆ.

ಐದು ಗುಂಪುಗಳ ಈ ಏರ್ಪಾಟಿನಲ್ಲಿ ಒಳ್ಳೆಯ ಬೋಧನೆಯ ತಿರುಳು ಇದೆ. ನೆರವು ಒಂದೇ ಏಟಿಗೆ ನಿಲ್ಲುವುದಿಲ್ಲ, ಹಂತ ಹಂತವಾಗಿ ಕಡಿಮೆಯಾಗುತ್ತದೆ. ‘ಮೊದಲು ಟೀಚರ್ ಬೇಕಿತ್ತು, ಈಗ ನಾನೇ ಮಾಡಿದೆ’ ಎಂಬುದನ್ನು ಮಗು ಕಣ್ಣಾರೆ ಕಾಣುತ್ತದೆ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ತನ್ನ ಸಾಮರ್ಥ್ಯದ ಬಗೆಗಿನ ನಂಬಿಕೆಗೆ ಅತಿ ಗಟ್ಟಿಯಾದ ಮೂಲವೆಂದು ಹೇಳಿದ್ದು ಇಂಥ ಅನುಭವವನ್ನೇ: ಸ್ವತಃ ಮಾಡಿ ಗೆದ್ದ ಅನುಭವ. ಹೊಗಳಿಕೆಗೆ ಅವರ ಪಟ್ಟಿಯಲ್ಲಿ ಅದಕ್ಕಿಂತ ಕೆಳಗಿನ ಜಾಗ.

ಸಾಮಗ್ರಿಯ ವಿಷಯಕ್ಕೆ ಬಂದರೆ ಕನ್ನಡದ ಅಕ್ಷರ ಕ್ರಮವನ್ನು ಮನಸಾರೆ ಮೆಚ್ಚಬೇಕು. ಇಲ್ಲಿ ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ಮೊದಲ ಮೈಲಿಗಲ್ಲಿನ ಅಕ್ಷರಗಳು ರ, ಗ, ಸ, ದ, ಅ. ಈ ಐದು ಬಂದ ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಓದಬಲ್ಲದು. ಮುಂದಿನ ಗುಂಪು ಜ, ವ, ಮ, ಬ, ನ. ಅದು ಸೇರಿದ ಕೂಡಲೇ ಮರ, ಜನ, ನಗರ, ಬಸವ ಎಲ್ಲವೂ ಓದಲು ಸಿಗುತ್ತವೆ. ವರ್ಣಮಾಲೆಯ ಕ್ರಮದಲ್ಲಿ ಹೋದ ಮಗು ಅಆಇಈ ಪೂರ್ತಿ ಬಾಯಿಪಾಠ ಮಾಡಿದರೂ ಹೇಳಿಕೊಳ್ಳುವಂಥ ಪದ ಓದಲು ಬಹಳ ದಿನ ಕಾಯಬೇಕು. ಕಾಗುಣಿತ, ಒತ್ತಕ್ಷರ ಮುಗಿಯುವ ತನಕ ತಾನು ಓದುತ್ತಿದ್ದೇನೆ ಎಂಬ ಭಾವನೆಯೇ ಅದಕ್ಕೆ ಬಂದಿರುವುದಿಲ್ಲ. ಇಲ್ಲಿ ಐದನೇ ಅಕ್ಷರಕ್ಕೇ ಮಗು ಓದುಗ. ಮನೆಯಲ್ಲಿ ಅಕ್ಷರ ಬಲ್ಲವರು ಇಲ್ಲದ ಮಗುವಿಗೆ ಇದು ಎಷ್ಟು ದೊಡ್ಡ ಸಂಗತಿ ಎಂದು ಬಿಡಿಸಿ ಹೇಳಬೇಕಿಲ್ಲ. ಅಜ್ಜ ಅಜ್ಜಿ ಮನೆಯಲ್ಲೇ ಅಆಇಈ ಕಲಿಸಿದ್ದರೆ ತೊಂದರೆ ಇಲ್ಲ, ಆದರೆ ‘ಶಾಲೇಲಿ ಅಕ್ಷರಾನೇ ಸರಿಯಾಗಿ ಕಲಿಸ್ತಿಲ್ಲ’ ಎಂದು ಮಗುವಿನ ಎದುರು ಹೇಳಬೇಡಿ. ಅದರ ಕ್ರಮ ಬೇರೆ, ಅಷ್ಟೇ.

ಎರಡನೇ ದೊಡ್ಡ ಅನುಕೂಲ ಗೈರುಹಾಜರಿಯದು. ಕೊಯ್ಲು, ಜಾತ್ರೆ, ಜ್ವರ, ತಂದೆ ತಾಯಿ ಕೂಲಿಗೆ ಬೇರೆ ಊರಿಗೆ ಹೋಗಿದ್ದು, ಹೀಗೆ ಹದಿನೈದು ದಿನ ತಪ್ಪಿಸಿಕೊಂಡ ಮಗು ಮಾಮೂಲಿ ತರಗತಿಗೆ ವಾಪಸಾದಾಗ ಪಾಠ ಎಲ್ಲೋ ಮುಂದೆ ಹೋಗಿರುತ್ತದೆ. ಮಗುವಿಗೆ ಅರ್ಥವಾಗುವುದಿಲ್ಲ, ಕೇಳಲು ಸಂಕೋಚ. ಒಂದು ತಿಂಗಳೊಳಗೆ ಅದು ಹಿಂದಿನ ಸಾಲಿನ ಮಗುವಾಗುತ್ತದೆ. ನಲಿಕಲಿಯಲ್ಲಿ ಅದು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ದಡ್ಡತನವೆಂದು ನಾವು ಹೆಸರಿಡುವುದರಲ್ಲಿ ಎಷ್ಟೋ ಪಾಲು ಬರೀ ತಪ್ಪಿಹೋದ ಪಾಠ. ಅದನ್ನು ಮಗುವಿನ ತಲೆಗೆ ಕಟ್ಟದ ವ್ಯವಸ್ಥೆ ಇದು.

ಇನ್ನು ದೋಷಗಳು. ಹೇಳಬೇಕಾದದ್ದು ಬಹಳ ಇದೆ.

ಪದ್ಧತಿ ಕುಸಿಯುವ ಮೊದಲ ಜಾಗ ಮೌಲ್ಯಮಾಪನದ ಮೆಟ್ಟಿಲು. ಮೂವತ್ತಕ್ಕೂ ಹೆಚ್ಚು ಮಕ್ಕಳು, ಒಬ್ಬರೇ ಟೀಚರ್, ಮಧ್ಯೆ ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ, ತರಬೇತಿ, ಚುನಾವಣೆ ಕೆಲಸ. ಒಬ್ಬೊಬ್ಬ ಮಗುವನ್ನೂ ಕೂರಿಸಿಕೊಂಡು ಪರೀಕ್ಷಿಸಲು ಬಿಡುವಿಲ್ಲದಾಗ ಗುರುತು ಮಾತ್ರ ಬೀಳುತ್ತದೆ, ಮಗು ಮುಂದಿನ ಮೆಟ್ಟಿಲಿಗೆ ಹೋಗುತ್ತದೆ. ಗಣಿತದಲ್ಲಿ ಇದರ ಪರಿಣಾಮ ಸ್ಪಷ್ಟವಾಗಿ ಕಾಣುತ್ತದೆ. 42ರಿಂದ 17 ಕಳೆ ಎಂದರೆ ಮಗು 35 ಎಂದು ಬರೆಯುತ್ತದೆ. ನಾಲ್ಕರಲ್ಲಿ ಒಂದು ಹೋದರೆ ಮೂರು ಸರಿ, ಆದರೆ ಬಿಡಿಯ ಸ್ಥಾನದಲ್ಲಿ ಎರಡರಿಂದ ಏಳು ಹೋಗದು ಎಂದು ತಿರುಗಿಸಿ ಏಳರಿಂದ ಎರಡು ಕಳೆದಿರುತ್ತದೆ. ದಶಕ ಬಿಡಿಸದ ಲೆಕ್ಕಗಳಲ್ಲಿ ಈ ಅಭ್ಯಾಸ ಸಿಕ್ಕಿಬೀಳುವುದಿಲ್ಲ. 48ರಿಂದ 15 ಕಳೆದರೆ ಉತ್ತರ ಸರಿಯಾಗಿಯೇ ಬರುತ್ತದೆ, ಗುರುತೂ ಬೀಳುತ್ತದೆ. ಮುಂದೆ ಎಲ್ಲ ತಪ್ಪಾಗಲು ಶುರುವಾದಾಗ ಮಗುವಿಗೆ ಕಾರಣ ಗೊತ್ತಿಲ್ಲ. ತನಗೆ ಲೆಕ್ಕ ಬರುವುದಿಲ್ಲ ಎಂದಷ್ಟೇ ಅದು ತಿಳಿಯುತ್ತದೆ.

ಇದಕ್ಕೆ ಮದ್ದು ಧೈರ್ಯ ಹೇಳುವುದಲ್ಲ. ಕಡ್ಡಿ ಬೇಕು. ಹತ್ತು ಹತ್ತು ಕಡ್ಡಿಯ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಇಡಿ. ಹದಿನೇಳು ಕಡ್ಡಿ ಕೊಡು ಎಂದು ಕೇಳಿ. ಬಿಡಿಯಲ್ಲಿ ಏಳು ಇಲ್ಲವೆಂದು ಮಗುವೇ ನೋಡಲಿ, ಒಂದು ಕಟ್ಟಿನ ದಾರ ಅದರ ಕೈಯಿಂದಲೇ ಬಿಚ್ಚಿಸಿ. ಈಗ ಮೂರು ಕಟ್ಟು, ಹನ್ನೆರಡು ಬಿಡಿ. ಒಂದು ಕಟ್ಟು ಮತ್ತು ಏಳು ಬಿಡಿ ತೆಗೆದರೆ ಎರಡು ಕಟ್ಟು, ಐದು ಬಿಡಿ, ಅಂದರೆ 25. ಇಂಥ ನಾಲ್ಕೈದು ಲೆಕ್ಕವನ್ನು ಕಡ್ಡಿಯಲ್ಲಿ ಮಾಡಿಸಿ, ಆಮೇಲೆ ಕಡ್ಡಿ ಮತ್ತು ಸ್ಲೇಟು ಎರಡರಲ್ಲೂ, ಆಮೇಲೆ ಬರೀ ಸ್ಲೇಟಿನಲ್ಲಿ. ಕಡ್ಡಿಯನ್ನು ಬೇಗ ಕಿತ್ತುಕೊಳ್ಳುವುದು ಸಾಮಾನ್ಯವಾಗಿ ಆಗುವ ತಪ್ಪು. ಮಗು ತಾನೇ ‘ಕಡ್ಡಿ ಬೇಡ’ ಎನ್ನುವ ತನಕ ಇರಲಿ.

ಎರಡನೇ ದೋಷ ಗುಂಪುಗಳು ಹೆಪ್ಪುಗಟ್ಟುವುದು. ಗುಂಪು ಬದಲಾಗಬೇಕಾದದ್ದು ಕಾರ್ಡಿಗೆ ತಕ್ಕಂತೆ. ಆದರೆ ಕೆಲವು ಕೋಣೆಗಳಲ್ಲಿ ಅದೇ ಮಕ್ಕಳು ತಿಂಗಳುಗಟ್ಟಲೆ ಅದೇ ಜಾಗದಲ್ಲಿ ಕೂರುತ್ತಾರೆ. ಹೇಳಿಕೊಡುವ ಹುಡುಗಿ ಯಾವಾಗಲೂ ಹೇಳಿಕೊಡುವವಳು, ಹೇಳಿಸಿಕೊಳ್ಳುವ ಹುಡುಗ ಯಾವಾಗಲೂ ಹೇಳಿಸಿಕೊಳ್ಳುವವನು. ಅಲ್ಲಿಗೆ ಗುಂಪಿನ ಜಾಗಕ್ಕೂ ಹಳೆಯ ಹಿಂದಿನ ಬೆಂಚಿಗೂ ವ್ಯತ್ಯಾಸ ಉಳಿಯಲಿಲ್ಲ. ಮಕ್ಕಳು ಏಳೆಂಟು ವರ್ಷದ ಹೊತ್ತಿಗೆ ತಮ್ಮನ್ನು ಓರಗೆಯವರ ಜೊತೆ ಹೋಲಿಸಿ ನೋಡಲು ಶುರು ಮಾಡುತ್ತಾರೆ. ಅದಕ್ಕೆ ಮೊದಲು ಐದಾರು ವರ್ಷದ ಮಗು ಬಾರದಿದ್ದರೂ ‘ನನಗೆ ಎಲ್ಲಾ ಬರುತ್ತೆ’ ಎನ್ನುತ್ತದೆ. ಹಾಗಾಗಿ ಗುಂಪು ಹೆಪ್ಪುಗಟ್ಟಿದರೆ ಹೆಚ್ಚು ಪೆಟ್ಟು ಬೀಳುವುದು ಎರಡು, ಮೂರನೇ ತರಗತಿಯ ಮಕ್ಕಳಿಗೆ. ಪರಿಹಾರ ಸುಲಭವಾದದ್ದೇ: ಕನ್ನಡದಲ್ಲಿ ಹಿಂದಿರುವ ಮಗು ಗಣಿತದಲ್ಲೋ, ಚಿತ್ರದಲ್ಲೋ, ಪರಿಸರ ಅಧ್ಯಯನದ ಎಲೆ ಬೀಜ ಗುರುತಿಸುವ ಕೆಲಸದಲ್ಲೋ ಮುಂದಿರುತ್ತದೆ. ಅಲ್ಲಿ ಅದನ್ನೇ ಹೇಳಿಕೊಡುವ ಜಾಗದಲ್ಲಿ ಕೂರಿಸಬೇಕು. ಬರೀ ಉಪಚಾರಕ್ಕೆ ಮಾಡಿದರೆ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ, ನಿಜವಾಗಿ ಬರುವ ವಿಷಯವನ್ನೇ ಹುಡುಕಬೇಕು.

ಪ್ರಗತಿ ನೋಟದ ಬಗ್ಗೆ ನಮಗೆ ಗಟ್ಟಿಯಾದ ಅಭಿಪ್ರಾಯವಿದೆ. ಯಾವ ಮಗು ಯಾವ ಮೆಟ್ಟಿಲು ಮುಗಿಸಿದೆ ಎಂದು ಗುರುತು ಹಾಕುವ ಈ ಪಟ್ಟಿ ಟೀಚರಿಗೆ ಬೇಕೇ ಬೇಕು, ಮಗುವಿಗೂ ತನ್ನ ದಾರಿ ಕಾಣಬೇಕು. ಆದರೆ ಎಲ್ಲರ ಹೆಸರು ಒಟ್ಟಿಗೆ ಗೋಡೆಯ ಮೇಲಿದ್ದು, ಬಂದವರೆಲ್ಲ ‘ಇವನ್ಯಾಕೆ ಇನ್ನೂ ಇಲ್ಲೇ ಇದ್ದಾನೆ?’ ಎಂದು ಬೆರಳಿಟ್ಟು ಕೇಳಿದರೆ ಅದು ರ‍್ಯಾಂಕ್ ಪಟ್ಟಿಯಾಗುತ್ತದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಪರಿಶೀಲನೆಗೆ ಬರುವ ಅಧಿಕಾರಿಗಳು ಮಗುವಿನ ಎದುರಿಗೇ ಹೀಗೆ ಕೇಳುವುದನ್ನು ನಿಲ್ಲಿಸಬೇಕು. ಆ ಮಗು ಹೋದ ತಿಂಗಳು ಎಲ್ಲಿತ್ತು, ಈಗ ಎಲ್ಲಿದೆ ಎಂಬುದಷ್ಟೇ ಅದರ ಬಳಿ ಮಾತಾಡಬೇಕಾದ ವಿಷಯ.

ಬರವಣಿಗೆ ನಲಿಕಲಿಯ ಬಡವಾದ ಭಾಗ. ಪದ ಓದುವ, ಹೊಂದಿಸುವ, ಬಿಟ್ಟ ಸ್ಥಳ ತುಂಬುವ ಕೆಲಸ ಧಾರಾಳವಾಗಿದೆ. ಸ್ವಂತವಾಗಿ ನಾಲ್ಕು ವಾಕ್ಯ ಬರೆಯುವ ಕೆಲಸ ಸಾಲದು, ಇದ್ದರೂ ತಿದ್ದಲು ಟೀಚರಿಗೆ ಹೊತ್ತಿಲ್ಲ. ಹಾಗೆಯೇ ಉದ್ದನೆಯ ಕಥೆ ಓದುವ ಅಭ್ಯಾಸವೂ ಕಡಿಮೆ. ಇದರ ಬಿಸಿ ತಟ್ಟುವುದು ನಾಲ್ಕನೇ ತರಗತಿಯಲ್ಲಿ.

ನಾಲ್ಕಕ್ಕೆ ಕಾಲಿಟ್ಟ ಕೂಡಲೇ ಎಲ್ಲವೂ ಬದಲಾಗುತ್ತದೆ. ಕಾರ್ಡಿಲ್ಲ, ಏಣಿಯಿಲ್ಲ, ಎಲ್ಲರಿಗೂ ಒಂದೇ ಪುಟ, ಒಂದೇ ವೇಗ. ಕಾರ್ಡಿನಲ್ಲಿ ಮೂರು ಸಾಲು ಓದುತ್ತಿದ್ದ ಮಗುವಿನ ಮುಂದೆ ಪುಟಗಟ್ಟಲೆ ಪಾಠ. ಮೂರು ವರ್ಷ ‘ನನ್ನ ಮೆಟ್ಟಿಲು’ ಎಂದು ಬೆಳೆದ ಮಗುವಿಗೆ ಮೊದಲ ಸಲ ‘ಉಳಿದವರಿಗಿಂತ ಹಿಂದೆ’ ಎಂಬ ಅನುಭವವಾಗುತ್ತದೆ. ಅದೂ ಹೋಲಿಕೆ ಬಲವಾಗುವ ವಯಸ್ಸಿನಲ್ಲೇ. ನಲಿಕಲಿಯ ಬಗ್ಗೆ ನಮ್ಮ ದೊಡ್ಡ ದೂರು ಇದು: ಮೂರನೇ ತರಗತಿಯ ಕೊನೆಯ ಎರಡು ಮೂರು ತಿಂಗಳಲ್ಲಿ ಪುಸ್ತಕಕ್ಕೆ ಒಗ್ಗಿಸುವ ಕೆಲಸ ಪ್ರತಿ ಶಾಲೆಯಲ್ಲೂ ಆಗಬೇಕು, ಬಹಳ ಕಡೆ ಅದು ಆಯಾ ಟೀಚರ ಮುತುವರ್ಜಿಗೆ ಬಿಟ್ಟ ವಿಷಯವಾಗಿದೆ. ಮುತುವರ್ಜಿ ಇರುವವರು ಶಾಲಾ ಗ್ರಂಥಾಲಯದ ಕಥೆ ಪುಸ್ತಕದಿಂದ ವಾರಕ್ಕೆ ಎರಡು ದಿನ ಓದಿಸುತ್ತಾರೆ. ಮೊದಲು ಟೀಚರ್ ಗಟ್ಟಿಯಾಗಿ ಓದುವುದು, ಆಮೇಲೆ ಜೋಡಿಯಾಗಿ ಓದುವುದು, ಆಮೇಲೆ ಒಬ್ಬೊಬ್ಬರೇ ಒಂದು ಪುಟ. ಓದಿದ ಮೇಲೆ ಪ್ರಶ್ನೋತ್ತರ ಬೇಡ, ಕಥೆಯಲ್ಲಿ ಏನಾಯಿತು ಎಂದು ತನ್ನ ಮಾತಿನಲ್ಲಿ ಮೂರು ವಾಕ್ಯ ಬರೆದರೆ ಸಾಕು.

ನಿಮ್ಮೂರ ಶಾಲೆಯ ನಲಿಕಲಿ ನಿಜವಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಅರ್ಧ ಗಂಟೆ ಸಾಕು. ಯಾವುದಾದರೂ ಒಂದು ಮಗುವನ್ನು ‘ನಿನ್ನ ಮೆಟ್ಟಿಲು ಯಾವುದು, ತೋರ್ಸು’ ಎಂದು ಕೇಳಿ. ತಟ್ಟನೆ ಏಣಿಯ ಬಳಿ ಹೋಗಿ ಬೆರಳಿಟ್ಟರೆ ಅರ್ಧ ಉತ್ತರ ಸಿಕ್ಕಿತು. ಟೀಚರ ಮುಖ ನೋಡಿ ನಿಂತರೆ ಏಣಿ ಗೋಡೆಯ ಅಲಂಕಾರಕ್ಕಷ್ಟೇ ಇದೆ. ಆಮೇಲೆ ಕಾರ್ಡುಗಳನ್ನು ನೋಡಿ. ಅಂಚು ಸವೆದು, ಬೆರಳ ಗುರುತು ಕೂತಿದ್ದರೆ ಬಳಕೆಯಲ್ಲಿವೆ. ಹೊಸದರಂತೆ ಹೊಳೆಯುತ್ತಿದ್ದರೆ ಬೀರುವಿನಿಂದ ಈಗಷ್ಟೇ ಹೊರಬಂದಿವೆ. ನಡುನಡುವೆ ಕಾರ್ಡು ಕಳೆದುಹೋಗಿದೆಯೇ ಎಂದೂ ಗಮನಿಸಿ, ಒಂದು ಕಾರ್ಡು ಇಲ್ಲದಿದ್ದರೆ ಆ ಮೆಟ್ಟಿಲನ್ನು ಎಲ್ಲ ಮಕ್ಕಳೂ ಹಾರಿಯೇ ಹೋಗಿರುತ್ತಾರೆ. ಮಕ್ಕಳ ಎತ್ತರಕ್ಕೆ ಗೋಡೆಯ ಕೆಳಭಾಗದಲ್ಲಿ ಬಳಿದ ಕಪ್ಪುಹಲಗೆಯಲ್ಲಿ ಇವತ್ತಿನ ಬರಹ ಇದೆಯೇ? ತಲೆಯ ಮೇಲಿನ ಕಲಿಕಾ ಚಪ್ಪರದಲ್ಲಿ ತೂಗುಹಾಕಿರುವುದು ಮಕ್ಕಳೇ ಮಾಡಿದ್ದೋ, ಅಂಗಡಿಯಿಂದ ತಂದ ಬಣ್ಣದ ಹಾಳೆಯೋ? ಸೊಟ್ಟ ಗೆರೆಯ ಚಿತ್ರ, ತಪ್ಪು ಅಕ್ಷರದ ಹೆಸರು ತೂಗುತ್ತಿದ್ದರೆ ಸಂತೋಷಪಡಿ. ತನ್ನ ಕೆಲಸಕ್ಕೆ ಇಲ್ಲಿ ಜಾಗವಿದೆ ಎಂದು ಆ ಮಗುವಿಗೆ ಗೊತ್ತಿದೆ.

ಟೀಚರ ಮಾತಿಗೂ ಕಿವಿಗೊಡಿ. ‘ವೆರಿ ಗುಡ್, ಜಾಣೆ’ ಎಂಬ ಮಾತು ಕೇಳಲು ಚೆಂದ. ಆದರೆ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಐದನೇ ತರಗತಿಯ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಬುದ್ಧಿವಂತ ಎಂದು ಹೊಗಳಿಸಿಕೊಂಡವರು ಕಷ್ಟದ ಪ್ರಶ್ನೆಗಳಲ್ಲಿ ಸೋತ ಮೇಲೆ ಬೇಗ ಕೈಚೆಲ್ಲಿದರು, ಅವರ ಅಂಕವೂ ಇಳಿಯಿತು. ಶ್ರಮಕ್ಕೆ ಹೊಗಳಿಸಿಕೊಂಡವರು ಪಟ್ಟುಹಿಡಿದರು. ‘ನಿನ್ನೆ ದ ಮತ್ತು ಧ ಅದಲುಬದಲಾಗ್ತಿತ್ತು, ಇವತ್ತು ಎಲ್ಲಾ ಕಡೆ ಸರಿಯಾಗಿ ಬರ್ದಿದೀಯ’ ಎನ್ನುವ ಟೀಚರ್ ಸಿಕ್ಕರೆ ಆ ಶಾಲೆಯನ್ನು ಬಿಡಬೇಡಿ.

ಮನೆಯಲ್ಲಿ ಟ್ಯೂಷನ್ ಬೇಕಿಲ್ಲ. ದಿನಕ್ಕೆ ಹತ್ತು ನಿಮಿಷ, ‘ಇವತ್ತು ಯಾವ ಕಾರ್ಡು ಮಾಡ್ದೆ? ನಂಗೂ ಹೇಳ್ಕೊಡು’ ಎಂದು ಕೂತರೆ ಆಯಿತು. ಓದು ಬಾರದ ತಾಯಿಯೂ ಇದನ್ನು ಮಾಡಬಹುದು, ಅಲ್ಲಿ ಮಗುವಿಗೆ ಸಿಗುವ ಸಂತೋಷ ಇನ್ನೂ ಹೆಚ್ಚು. ಪಕ್ಕದ ಮನೆಯ ಕಾನ್ವೆಂಟ್ ಮಗುವಿನ ಜೊತೆ ಹೋಲಿಕೆ ಬೇಡ. ಆ ಮಗು ಇಂಗ್ಲಿಷ್ ರೈಮ್ಸ್ ಹೇಳುತ್ತಿರಬಹುದು, ನಿಮ್ಮ ಮಗು ಬಸ್ಸಿನ ಬೋರ್ಡು ಓದುತ್ತಿದ್ದರೆ ಅದು ಓದು.

ಇಷ್ಟೆಲ್ಲ ನೋಡಿದ ಮೇಲೆ ನಮ್ಮ ತೀರ್ಮಾನ: ಮಕ್ಕಳ ಸಂಖ್ಯೆ ಮೂವತ್ತರ ಒಳಗಿದ್ದು, ನಲಿಕಲಿ ತರಬೇತಿ ಪಡೆದ ಕಾಯಂ ಟೀಚರ್ ಇದ್ದು, ಮೌಲ್ಯಮಾಪನ ಪ್ರಾಮಾಣಿಕವಾಗಿ ನಡೆಯುವ ಶಾಲೆಯಾದರೆ ಒಂದರಿಂದ ಮೂರನೇ ತರಗತಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆಯನ್ನು ಶುಲ್ಕ ಕೊಟ್ಟರೂ ಹುಡುಕುವುದು ಕಷ್ಟ. ನಿಧಾನವಾಗಿ ಕಲಿಯುವ, ಸಂಕೋಚದ, ಆಗಾಗ ಶಾಲೆ ತಪ್ಪುವ ಮಕ್ಕಳಿಗಂತೂ ಇದೇ ಸರಿ. ಬಹಳ ಬೇಗ ಕಲಿಯುವ ಮಗುವಿಗೆ ಏಣಿ ಅಡ್ಡಿಯಲ್ಲ, ಆದರೆ ಕಥೆ ಪುಸ್ತಕಗಳನ್ನು ನೀವೇ ಹೊಂದಿಸಿಕೊಡಬೇಕು. ಒಬ್ಬರೇ ಟೀಚರ್ ಇಡೀ ಶಾಲೆ ನೋಡಿಕೊಳ್ಳುವ ಕಡೆ, ಅಥವಾ ವರ್ಷದ ಮಧ್ಯೆ ಎರಡು ಮೂರು ಸಲ ಅತಿಥಿ ಶಿಕ್ಷಕರು ಬದಲಾಗುವ ಕಡೆ ಎಚ್ಚರ ಬೇಕು. ಅಲ್ಲಿ ಮಗುವಿನ ಮೆಟ್ಟಿಲು ಯಾವುದೆಂದು ಯಾರಿಗೂ ಗೊತ್ತಿರುವುದಿಲ್ಲ. ಅಂಥ ಶಾಲೆಯಲ್ಲಿ ಪೋಷಕರು ಎಸ್‌ಡಿಎಂಸಿ ಸಭೆಯಲ್ಲಿ ಮೊದಲು ಕೇಳಬೇಕಾದದ್ದು ಬಣ್ಣದ ಗೋಡೆಯನ್ನಲ್ಲ, ಪ್ರೊಜೆಕ್ಟರನ್ನೂ ಅಲ್ಲ: ನಲಿಕಲಿ ಕೋಣೆಗೆ ಒಬ್ಬರು ಕಾಯಂ ಟೀಚರ್, ಕಳೆದುಹೋದ ಕಾರ್ಡುಗಳ ಬದಲಿ ಸೆಟ್ಟು, ಮತ್ತು ಮೂರನೇ ತರಗತಿಗೆ ಒಂದು ಪೆಟ್ಟಿಗೆ ಕಥೆ ಪುಸ್ತಕ.